ಹಾವು ಕಡಿತ: ಹೊಲದಿಂದ ಆಸ್ಪತ್ರೆಯವರೆಗಿನ ದಾರಿ

(ಮುಂಗಾರು ಪೂರ್ವಸಿದ್ಧತೆಯ ಅಂಗವಾಗಿ ಗ್ರಾಮ ಪಂಚಾಯತಿ ಸದಸ್ಯರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಪ್ರತಿ ವರ್ಷ ಮೇ ತಿಂಗಳಲ್ಲಿ ಪಂಚಾಯತಿಗಳು ಮುಂಗಾರಿನ ಸಿದ್ಧತೆಯ ಸಭೆ ನಡೆಸುತ್ತವೆ. ಚರಂಡಿಯ ಹೂಳು, ಕುಡಿಯುವ ನೀರಿನ ಶುದ್ಧೀಕರಣ, ಡೆಂಗ್ಯೂ ನಿಯಂತ್ರಣ, ಬಿತ್ತನೆ ಬೀಜ, ಶಿಥಿಲವಾದ ಶಾಲಾ ಕಟ್ಟಡ ಇವೆಲ್ಲವೂ ಕಾರ್ಯಸೂಚಿಯಲ್ಲಿ ಇರುತ್ತವೆ, ಇರಬೇಕಾದದ್ದೇ. ಆದರೆ ಇದೇ ಮಳೆಗಾಲದಲ್ಲಿ ಹೊಲ, ತೋಟ, ಹಟ್ಟಿ, ಮನೆಗಳಲ್ಲಿ ಸಂಭವಿಸುವ ಒಂದು ಬಗೆಯ ಸಾವು ಆ ಕಾರ್ಯಸೂಚಿಗೆ ಬರುವುದು ಅಪರೂಪ. ಅದು ಹಾವು ಕಡಿತದ ಸಾವು. ಊರಿನಲ್ಲಿ ಯಾರನ್ನು ಕೇಳಿದರೂ ತಮ್ಮ ಬಂಧುಗಳಲ್ಲೋ ನೆರೆಯಲ್ಲೋ ಹಾವು ಕಚ್ಚಿ ಹೋದವರೊಬ್ಬರನ್ನು ನೆನೆಯುತ್ತಾರೆ. ಆದರೂ ಅದನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಅದೊಂದು ಆಕಸ್ಮಿಕ, ಹಣೆಬರಹ, ಕೆಲವೊಮ್ಮೆ ನಾಗದೋಷ. ಹಣೆಬರಹವೆಂದು ಕರೆದ ವಿಷಯಕ್ಕೆ ಅನುದಾನ ಕೇಳುವವರು ಇರುವುದಿಲ್ಲ.

ಭಾರತದಲ್ಲಿ ಹಾವು ಕಡಿತದಿಂದ ಸಾಯುವವರು ಎಷ್ಟು ಮಂದಿ ಎಂಬುದಕ್ಕೆ ಬಹುಕಾಲ ಆಸ್ಪತ್ರೆಗಳ ದಾಖಲೆಯೊಂದೇ ಆಧಾರವಾಗಿತ್ತು. ಆಸ್ಪತ್ರೆಗೆ ಬಾರದೆ ಸತ್ತವರು ಆ ಲೆಕ್ಕದಲ್ಲಿ ಸೇರುತ್ತಿರಲಿಲ್ಲ. ಮನೆಮನೆಗೆ ಹೋಗಿ ಸತ್ತವರ ಕುಟುಂಬದವರನ್ನು ವಿಚಾರಿಸಿ ಸಾವಿನ ಕಾರಣವನ್ನು ನಿರ್ಧರಿಸುವ ದೊಡ್ಡ ಅಧ್ಯಯನವೊಂದು ನಡೆದ ಮೇಲೆ ಚಿತ್ರ ಬದಲಾಯಿತು. ಹತ್ತು ಲಕ್ಷ ಸಾವುಗಳ ಅಧ್ಯಯನ ಎಂದು ಹೆಸರಾದ ಅದರ ಅಂದಾಜಿನಂತೆ 2000ರಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ದೇಶದಲ್ಲಿ ಹಾವು ಕಡಿತಕ್ಕೆ ಬಲಿಯಾದವರು ಸುಮಾರು 12 ಲಕ್ಷ ಮಂದಿ. ವರ್ಷಕ್ಕೆ ಸರಾಸರಿ 58,000. ಆಸ್ಪತ್ರೆಯ ದಾಖಲೆಗಳಲ್ಲಿ ಇದ್ದದ್ದು ಇದರ ಒಂದು ಸಣ್ಣ ಪಾಲು ಮಾತ್ರ. ಸಾವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸಂಭವಿಸಿವೆ. ಸತ್ತವರಲ್ಲಿ ನಾಲ್ವರಲ್ಲಿ ಒಬ್ಬರು 15 ವರ್ಷದೊಳಗಿನ ಮಕ್ಕಳು.

ಅದೇ ಅಧ್ಯಯನದ ಮೊದಲ ಹಂತದ ವರದಿ 2011ರಲ್ಲಿ ಪ್ರಕಟವಾಗಿತ್ತು. ಅದರಲ್ಲಿನ ಎರಡು ಅಂಕಿಗಳು ಪಂಚಾಯತಿ ಸದಸ್ಯರಿಗೆ ನೇರವಾಗಿ ಸಂಬಂಧಿಸಿದವು. ನೂರು ಸಾವುಗಳಲ್ಲಿ 97 ಗ್ರಾಮೀಣ ಪ್ರದೇಶದವು. ನೂರರಲ್ಲಿ 77 ಮಂದಿ ಸತ್ತದ್ದು ಆಸ್ಪತ್ರೆಯ ಹೊರಗೆ: ಮನೆಯಲ್ಲಿ, ಹೊಲದಲ್ಲಿ, ಮಂತ್ರವಾದಿಯ ಜಗಲಿಯಲ್ಲಿ, ದಾರಿಯಲ್ಲಿ.

ಈ ಎರಡನೆಯ ಅಂಕಿಯ ಬಳಿ ಸ್ವಲ್ಪ ನಿಲ್ಲಬೇಕಾಗುತ್ತದೆ. ಹಾವಿನ ವಿಷಕ್ಕೆ ಔಷಧವಿಲ್ಲದೆ ಜನ ಸಾಯುತ್ತಿದ್ದರೆ ಅದು ವೈದ್ಯಶಾಸ್ತ್ರದ ಸಮಸ್ಯೆ. ಆದರೆ ಔಷಧವಿದೆ, ನೂರಕ್ಕೂ ಹೆಚ್ಚು ವರ್ಷಗಳಿಂದ ಇದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೂ ದೊರೆಯುತ್ತದೆ. ಜನ ಸಾಯುತ್ತಿರುವುದು ಕಚ್ಚಿದ ಸ್ಥಳಕ್ಕೂ ಔಷಧ ಇರುವ ಸ್ಥಳಕ್ಕೂ ನಡುವಿನ ದಾರಿಯಲ್ಲಿ. ಆ ದಾರಿ ವೈದ್ಯರ ಕೈಯಲ್ಲಿಲ್ಲ. ಯಾರಿಗೆ ಮೊದಲು ಕರೆ ಹೋಗುತ್ತದೆ, ಯಾವ ವಾಹನ ಬರುತ್ತದೆ, ಯಾವ ಆಸ್ಪತ್ರೆಯ ಕಡೆಗೆ ತಿರುಗುತ್ತದೆ, ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಊರಿನೊಳಗೆ ನಿರ್ಧಾರವಾಗುವ ಸಂಗತಿ. ಊರಿನೊಳಗೆ ನಿರ್ಧಾರವಾಗುವುದನ್ನು ಮುಂಚಿತವಾಗಿ ಯೋಚಿಸಿಡುವ ಸಂಸ್ಥೆ ಗ್ರಾಮ ಪಂಚಾಯತಿಯಲ್ಲದೆ ಇನ್ನಾವುದು?

ಕರ್ನಾಟಕದಲ್ಲಿ ಹಾವುಗಳ ಜಾತಿ ಹಲವು. ಅವುಗಳಲ್ಲಿ ಬಹುಪಾಲು ವಿಷರಹಿತ. ಮನುಷ್ಯರ ಸಾವಿಗೆ ಹೆಚ್ಚಾಗಿ ಕಾರಣವಾಗುವವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಕಟ್ಟುಹಾವನ್ನು ಕೆಲವೆಡೆ ಕಡಂಬಳ ಎನ್ನುತ್ತಾರೆ. ಆಗುಂಬೆಯ ಕಾಡಿನ ಕಾಳಿಂಗ ಸರ್ಪದ ಹೆಸರು ಕೇಳಿದರೇ ಜನ ಬೆದರುತ್ತಾರೆ. ಆದರೆ ಅದು ಮನುಷ್ಯರನ್ನು ಕಚ್ಚುವುದು ಬಹಳ ಅಪರೂಪ. ಭಯಕ್ಕೂ ಅಪಾಯಕ್ಕೂ ಇರುವ ಅಂತರ ಇಷ್ಟು.

ಈ ನಾಲ್ಕರಲ್ಲಿ ಕಟ್ಟುಹಾವಿನ ಬಗ್ಗೆ ವಿವರವಾಗಿ ಹೇಳಲೇಬೇಕು. ಏಕೆಂದರೆ ಅದರ ಕಡಿತ ಕಡಿತದಂತೆಯೇ ಕಾಣುವುದಿಲ್ಲ. ಅದು ರಾತ್ರಿ ಸಂಚರಿಸುವ ಹಾವು. ಇಲಿ, ಹಲ್ಲಿ, ಇತರ ಸಣ್ಣ ಹಾವುಗಳನ್ನು ಅರಸಿ ಮನೆಯೊಳಗೂ ಬರುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಮಗ್ಗುಲಲ್ಲಿ ಹಾದುಹೋಗುವಾಗ, ಮಲಗಿದವರು ನಿದ್ದೆಯಲ್ಲಿ ಕೈಯನ್ನೋ ಕಾಲನ್ನೋ ಅದರ ಮೇಲೆ ಇಟ್ಟರೆ ಕಚ್ಚುತ್ತದೆ. ಹಲ್ಲು ಚಿಕ್ಕದು, ಕಚ್ಚಿದ ಗುರುತು ಕಾಣದೇ ಇರಬಹುದು. ಊತವಿಲ್ಲ, ಉರಿಯಿಲ್ಲ, ನೋವೂ ಅಷ್ಟಾಗಿ ಇಲ್ಲ. ಎಷ್ಟೋ ಮಂದಿ ಎಚ್ಚರವೂ ಆಗುವುದಿಲ್ಲ. ಎಚ್ಚರಾದರೂ ಸೊಳ್ಳೆಯೋ ಇರುವೆಯೋ ಕಚ್ಚಿತೆಂದುಕೊಂಡು ಮತ್ತೆ ಮಲಗುತ್ತಾರೆ.

ಮುಂದಿನದು ಅನೇಕ ಮನೆಗಳಲ್ಲಿ ಒಂದೇ ರೀತಿ ನಡೆಯುತ್ತದೆ. ನಸುಕಿನ ಮೂರು ಗಂಟೆಗೋ ನಾಲ್ಕಕ್ಕೋ ಹುಡುಗ ಹೊಟ್ಟೆನೋವೆಂದು ಏಳುತ್ತಾನೆ. ಒಂದೆರಡು ಸಲ ವಾಂತಿಯಾಗುತ್ತದೆ. ರಾತ್ರಿಯ ಊಟ ಸರಿಹೋಗಲಿಲ್ಲವೆಂದು ತಾಯಿ ಓಮಿನ ಕಷಾಯ ಕೊಡುತ್ತಾಳೆ. ಸ್ವಲ್ಪ ಹೊತ್ತಿನಲ್ಲಿ ರೆಪ್ಪೆಗಳು ಜೋತುಬೀಳುತ್ತವೆ. ನಿದ್ದೆ ಎಳೆಯುತ್ತಿದೆ, ಮಲಗಲಿ ಎಂದು ಮನೆಯವರು ಬಿಡುತ್ತಾರೆ. ಮಾತು ತೊದಲುತ್ತದೆ, ಉಗುಳು ನುಂಗಲಾಗದೆ ಬಾಯಿಂದ ಸುರಿಯುತ್ತದೆ, ಕತ್ತು ನಿಲ್ಲುವುದಿಲ್ಲ. ಬೆಳಗಾಗುವ ಹೊತ್ತಿಗೆ ಉಸಿರಾಟದ ಸ್ನಾಯುಗಳೇ ಸೋತಿರುತ್ತವೆ. ಹಾವೊಂದು ಮನೆಗೆ ಬಂದಿತ್ತೆಂಬುದೇ ಯಾರಿಗೂ ತಿಳಿಯದೆ, ಊರಿನಲ್ಲಿ ಅದು ಹೃದಯಾಘಾತವೆಂದೋ ವಿಷಾಹಾರವೆಂದೋ ಗಾಳಿ ಸೋಕಿದ್ದೆಂದೋ ಉಳಿದುಬಿಡುತ್ತದೆ. ಪಂಚಾಯತಿಯ ಮರಣ ನೋಂದಣಿಯಲ್ಲೂ ಹಾಗೆಯೇ ದಾಖಲಾಗುತ್ತದೆ.

ಆದುದರಿಂದ ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದವರಿಗೆ ನಸುಕಿನಲ್ಲಿ ಕಾರಣವಿಲ್ಲದ ಹೊಟ್ಟೆನೋವು, ವಾಂತಿ, ಗಂಟಲು ಹಿಡಿದಂತಾಗುವುದು, ರೆಪ್ಪೆ ಎತ್ತಲಾಗದಿರುವುದು ಇವು ಕಂಡುಬಂದರೆ ಗಾಯ ಹುಡುಕುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು. ಈ ಒಂದು ಮಾತನ್ನು ಪ್ರತಿ ವಾರ್ಡ್ ಸಭೆಯಲ್ಲಿ, ಸ್ತ್ರೀಶಕ್ತಿ ಗುಂಪಿನ ಸಭೆಯಲ್ಲಿ, ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಹೇಳಿದರೆ ಅದಕ್ಕೆ ತಗಲುವ ವೆಚ್ಚ ಏನೂ ಇಲ್ಲ. ಕಟ್ಟುಹಾವಿನ ವಿಷದಿಂದ ಉಸಿರು ನಿಂತವರನ್ನೂ ಕೃತಕ ಉಸಿರಾಟದ ನೆರವಿನಿಂದ ದಿನಗಟ್ಟಲೆ ಕಾಪಾಡಿ ಬದುಕಿಸಬಹುದೆಂಬುದನ್ನೂ ಜನ ತಿಳಿದಿರಬೇಕು. ಕಣ್ಣು ಮುಚ್ಚಿ, ಕೈಕಾಲು ಆಡಿಸದೆ ಬಿದ್ದಿರುವ ವ್ಯಕ್ತಿಗೆ ಸುತ್ತಲಿನ ಮಾತು ಕೇಳಿಸುತ್ತಿರಬಹುದು. ಹೋಗಿಬಿಟ್ಟಿತೆಂದು ವಾಹನವನ್ನು ಹಿಂದಿರುಗಿಸಬಾರದು.

ನಾಗರಹಾವಿನ ವಿಷವೂ ನರಗಳ ಮೇಲೆ ಕೆಲಸ ಮಾಡುತ್ತದೆ. ಆದರೆ ಕಚ್ಚಿದಲ್ಲಿ ನೋವು, ಊತ ಇರುವುದರಿಂದ ಗುರುತು ತಪ್ಪುವುದು ಕಡಿಮೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಒಸಡಿನಿಂದ, ಮೂತ್ರದಲ್ಲಿ, ಹಳೆಯ ಗಾಯಗಳಿಂದ ರಕ್ತ ಒಸರುತ್ತದೆ, ಮೂತ್ರಪಿಂಡಗಳು ಸೋಲುತ್ತವೆ. ತಡವಾಗಿ ಬಂದವರಿಗೆ ಡಯಾಲಿಸಿಸ್ ಬೇಕಾಗುತ್ತದೆ, ಬದುಕಿದವರಲ್ಲೂ ಕೆಲವರು ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುತ್ತಾರೆ. ಕೂಲಿ ಮಾಡಿ ಬದುಕುವ ಮನೆಗೆ ಇದು ಬಹಳ ವರ್ಷ ತೀರದ ಸಾಲ. ಸಾವಿನ ಲೆಕ್ಕವಾದರೂ ಅಷ್ಟಿಷ್ಟು ಇದೆ, ಹೀಗೆ ಊನಗೊಂಡು ಉಳಿದವರ ಲೆಕ್ಕ ಯಾವ ಕಚೇರಿಯಲ್ಲಿಯೂ ಸರಿಯಾಗಿ ಇಲ್ಲ. ಗರಗಸ ಮಂಡಲ ಗಾತ್ರದಲ್ಲಿ ಚಿಕ್ಕದು. ಬಯಲುಸೀಮೆಯ ಕಲ್ಲುಭೂಮಿಯಲ್ಲಿ, ಬದುಗಳಲ್ಲಿ ಇರುತ್ತದೆ. ಚಿಕ್ಕದೆಂದು ಉದಾಸೀನ ಮಾಡುವುದರಿಂದಲೇ ಅಪಾಯ. ಇನ್ನು ಮಲೆನಾಡಿನ ಕಾಫಿ, ಅಡಿಕೆ ತೋಟಗಳಲ್ಲಿ ಮೂಗಿನ ತುದಿ ಮೇಲಕ್ಕೆದ್ದ ಒಂದು ಸಣ್ಣ ಮಂಡಲದ ಹಾವೂ ಇದೆ. ಅದರ ವಿಷಕ್ಕೆ ಈಗ ಭಾರತದಲ್ಲಿ ದೊರೆಯುವ ಚುಚ್ಚುಮದ್ದು ನಾಟುವುದಿಲ್ಲ. ಅದು ಕಚ್ಚಿದರೂ ಆಸ್ಪತ್ರೆಯೇ ಗತಿ. ರಕ್ತದ ಸ್ಥಿತಿ, ಮೂತ್ರಪಿಂಡಗಳ ಸ್ಥಿತಿಯನ್ನು ಗಮನಿಸುತ್ತ ಚಿಕಿತ್ಸೆ ನೀಡಬೇಕಾಗುತ್ತದೆ.

ಇಷ್ಟೆಲ್ಲ ಇದ್ದರೂ ಕಚ್ಚಿಸಿಕೊಂಡವರು ಮೊದಲು ಹೋಗುವುದು ಎಲ್ಲಿಗೆ? ಅನೇಕ ಊರುಗಳಲ್ಲಿ ಮಂತ್ರ ಹಾಕುವವರ ಬಳಿಗೆ, ಬೇರು ಅರೆದು ಕೊಡುವವರ ಬಳಿಗೆ. ಇದನ್ನು ಮೂಢನಂಬಿಕೆಯೆಂದು ಜರಿದು ಮುಂದೆ ಹೋದರೆ ಕೆಲಸ ಕೆಡುತ್ತದೆ. ಜನ ನಂಬುವುದಕ್ಕೆ ಕಾರಣವಿದೆ. ಕಚ್ಚಿದ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವೂ ಪ್ರತಿಸಲ ವಿಷ ಬಿಡುವುದಿಲ್ಲ. ಬರೀ ಹಲ್ಲು ನಾಟಿ ಹೋಗುವುದುಂಟು. ಹೀಗಾಗಿ ಮಂತ್ರವಾದಿಯ ಬಳಿ ಹೋದ ಹತ್ತು ಮಂದಿಯಲ್ಲಿ ಹೆಚ್ಚಿನವರು ಏನೂ ಮಾಡದಿದ್ದರೂ ಬದುಕುತ್ತಿದ್ದವರೇ. ಅವರು ಎದ್ದು ನಡೆದು ಮನೆಗೆ ಬಂದದ್ದನ್ನು ಇಡೀ ಊರು ನೋಡುತ್ತದೆ. ಬದುಕದವರ ವಿಷಯದಲ್ಲಿ ‘ತಡವಾಗಿ ತಂದರು’ ಎಂಬ ಮಾತು ಸಿದ್ಧವಾಗಿರುತ್ತದೆ. ವಿಪರ್ಯಾಸವೆಂದರೆ ಆಸ್ಪತ್ರೆಯಲ್ಲಿಯೂ ಕೇಳಿಬರುವುದು ಅದೇ ಮಾತು. ಅಲ್ಲಿ ಮಾತ್ರ ಅದು ನಿಜ.

ನಾಟಿ ಔಷಧಿ ಕೊಡುವವರು ಊರಿನಲ್ಲಿ ಗೌರವವುಳ್ಳವರು, ಹೆಚ್ಚಿನವರು ಹಣಕ್ಕಾಗಿ ಮಾಡುವವರೂ ಅಲ್ಲ. ಅವರನ್ನು ಪಂಚಾಯತಿಗೆ ಕರೆಸಿ, ಮರ್ಯಾದೆಯಿಂದ ಕೂರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಸಮ್ಮುಖದಲ್ಲಿ ಒಂದು ಒಪ್ಪಂದಕ್ಕೆ ಬರುವುದು ಸಾಧ್ಯ. ಯಾರು ಬಂದರೂ ಮೊದಲು ವಾಹನ ಹತ್ತಿಸುವುದು. ಮಂತ್ರ, ಪ್ರಾರ್ಥನೆ ಏನಿದ್ದರೂ ಆಸ್ಪತ್ರೆಯಿಂದ ಬಂದ ಮೇಲೆ. ಅವರ ಬಾಯಿಂದ ಬರುವ ‘ಮೊದಲು ಆಸ್ಪತ್ರೆಗೆ ಹೋಗಿ’ ಎಂಬ ಮಾತಿಗೆ ಇಲಾಖೆಯ ನೂರು ಭಿತ್ತಿಪತ್ರಗಳಿಗಿಲ್ಲದ ಬೆಲೆಯಿದೆ. ನಾಗರಪಂಚಮಿ ಬರುವುದೂ ಕಡಿತಗಳು ಹೆಚ್ಚುವ ಶ್ರಾವಣದಲ್ಲಿಯೇ. ಹುತ್ತಕ್ಕೆ ಹಾಲೆರೆಯಲು ಇಡೀ ಊರು ಸೇರುವ ಆ ದಿನಕ್ಕಿಂತ ಈ ಮಾತು ಹೇಳಲು ಬೇರೆ ಮುಹೂರ್ತ ಬೇಕಿಲ್ಲ.

ಕಚ್ಚಿದ ಕೂಡಲೇ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದೇ ಹೆಚ್ಚು. ಧೈರ್ಯ ಹೇಳಬೇಕು, ಓಡಿಸಬಾರದು, ನಡೆಸಲೂಬಾರದು. ಕಚ್ಚಿದ ಕೈ ಅಥವಾ ಕಾಲನ್ನು ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಇಟ್ಟು, ಅಲುಗಾಡದಂತೆ ಸಡಿಲವಾಗಿ ಬಟ್ಟೆ ಸುತ್ತಬೇಕು. ಊತ ಬರುವ ಮೊದಲೇ ಬಳೆ, ಉಂಗುರ, ಕಾಲುಂಗುರ, ಕಾಲ್ಗೆಜ್ಜೆ ತೆಗೆಯಬೇಕು. ಕಚ್ಚಿದ ಸಮಯವನ್ನು ನೆನಪಿಡಬೇಕು. ಹಗ್ಗದಿಂದ ಬಿಗಿಯಾಗಿ ಕಟ್ಟುವುದು ಊರೂರಿನ ಪದ್ಧತಿ. ಅದು ವಿಷವನ್ನು ತಡೆಯುವುದಿಲ್ಲ, ರಕ್ತ ಸಂಚಾರ ನಿಲ್ಲಿಸಿ ಅಂಗವನ್ನೇ ಕೊಳೆಯಿಸುತ್ತದೆ. ಯಾರಾದರೂ ಈಗಾಗಲೇ ಕಟ್ಟಿದ್ದರೆ ದಾರಿಯಲ್ಲಿ ಬಿಚ್ಚದೆ ವೈದ್ಯರ ಎದುರಿನಲ್ಲೇ ಬಿಚ್ಚಿಸಬೇಕು. ಒಮ್ಮೆಲೇ ಬಿಚ್ಚಿದರೆ ತಡೆದು ನಿಂತ ವಿಷ ಒಟ್ಟಿಗೆ ಏರುತ್ತದೆ. ಬ್ಲೇಡಿನಿಂದ ಕುಯ್ಯುವುದು, ಬಾಯಿಂದ ಹೀರುವುದು, ವಿಷಕಲ್ಲು ಅಂಟಿಸುವುದು, ಕೋಳಿಯನ್ನು ಗಾಯಕ್ಕೆ ಒತ್ತುವುದು, ಬೇವು ಮೆಣಸು ತಿನ್ನಿಸಿ ರುಚಿ ಕೇಳುವುದು ಇವೆಲ್ಲ ಅಮೂಲ್ಯ ಸಮಯದ ಹಾನಿ. ರಕ್ತ ಹೆಪ್ಪುಗಟ್ಟದ ಸ್ಥಿತಿಯಲ್ಲಿ ಬ್ಲೇಡಿನ ಗಾಯವೇ ಜೀವ ತೆಗೆಯಬಹುದು.

ಹಾವನ್ನು ಹುಡುಕಿ ಕೊಂದು ಆಸ್ಪತ್ರೆಗೆ ತರುವ ಅಗತ್ಯವಿಲ್ಲ. ಹುಡುಕಲು ಹೋದವರನ್ನೂ ಅದು ಕಚ್ಚಿದ ಉದಾಹರಣೆಗಳಿವೆ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ವೈದ್ಯರು ಚಿಕಿತ್ಸೆ ಕೊಡುವುದು ರೋಗಿಯ ಲಕ್ಷಣ ನೋಡಿ. ಮಂಡಲದ ವಿಷವೇ ಎಂದು ತಿಳಿಯಲು ಸ್ವಲ್ಪ ರಕ್ತವನ್ನು ಸ್ವಚ್ಛವಾದ ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಉತ್ತರ ಸಿಕ್ಕಂತೆ. ಯಂತ್ರ ಬೇಡ, ಪ್ರಯೋಗಾಲಯ ಬೇಡ. ಎಷ್ಟು ಚಿಕ್ಕ ಆರೋಗ್ಯ ಕೇಂದ್ರದಲ್ಲಿಯೂ ಈ ಪರೀಕ್ಷೆ ಸಾಧ್ಯ.

ಈಗ ಔಷಧದ ವಿಷಯ. ನಾಲ್ಕು ಹಾವುಗಳ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ ಈ ಪ್ರತಿವಿಷವನ್ನು ತಯಾರಿಸಲಾಗುತ್ತದೆ. ಇದಕ್ಕೆ ಬೇಕಾದ ವಿಷದ ಬಹುಪಾಲನ್ನು ದೇಶಕ್ಕೆಲ್ಲ ಒದಗಿಸುತ್ತ ಬಂದಿರುವುದು ಚೆನ್ನೈ ಸಮೀಪದ ಇರುಳರ ಸಹಕಾರ ಸಂಘ. ಹಿಂದೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಸಮುದಾಯ 1978ರಲ್ಲಿ ಸಂಘ ಕಟ್ಟಿಕೊಂಡು ಹಾವನ್ನು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವ ಕೆಲಸಕ್ಕೆ ತಿರುಗಿತು. ತಮಿಳುನಾಡಿನ ಹಾವಿನ ವಿಷಕ್ಕೂ ಬೇರೆ ಪ್ರದೇಶಗಳ ಅದೇ ಜಾತಿಯ ಹಾವಿನ ವಿಷಕ್ಕೂ ವ್ಯತ್ಯಾಸವಿರುವುದರಿಂದ ಈ ಔಷಧ ಎಲ್ಲೆಡೆ ಒಂದೇ ಸಮನಾಗಿ ಕೆಲಸ ಮಾಡುವುದಿಲ್ಲ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನೆಗಳು ತೋರಿಸಿವೆ. ಕೊರತೆಗಳಿದ್ದರೂ ಜೀವ ಉಳಿಸುವ ಔಷಧ ಈಗ ಇದೊಂದೇ.

ಸದಸ್ಯರು ಇದರ ಪ್ರಮಾಣವನ್ನು ತಿಳಿದಿರಬೇಕು. ವಿಷವೇರಿದ ರೋಗಿಗೆ ಮೊದಲ ಸುತ್ತಿನಲ್ಲೇ ಸಾಮಾನ್ಯವಾಗಿ 10 ವಯಲ್ ಬೇಕಾಗುತ್ತದೆ. ಮಕ್ಕಳಿಗೂ ಅಷ್ಟೇ, ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಹೀಗಿರುವಾಗ ‘ನಮ್ಮಲ್ಲಿ ಔಷಧ ಇದೆ’ ಎನ್ನುವ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಮೂರು ವಯಲ್ ಇದ್ದರೆ, ಅದು ಇದ್ದೂ ಇಲ್ಲದಂತೆ. ಆರೋಗ್ಯ ಕೇಂದ್ರಕ್ಕೆ ಭೇಟಿ ನೀಡುವ ಸದಸ್ಯರು ಔಷಧ ಇದೆಯೇ ಎಂದು ಕೇಳುವುದರ ಬದಲು ಎಷ್ಟು ವಯಲ್ ಇವೆ, ಅವುಗಳ ಅವಧಿ ಎಂದು ಮುಗಿಯುತ್ತದೆ, ಕಪಾಟಿನ ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆ ಎಂದು ಕೇಳಬೇಕು. ಮೂರನೆಯ ಪ್ರಶ್ನೆ ಸಣ್ಣದೆನಿಸಬಹುದು. ಔಷಧ ಒಳಗೆ, ರೋಗಿ ಹೊರಗೆ, ಬೀಗದ ಕೈ ತಾಲ್ಲೂಕು ಕೇಂದ್ರದಲ್ಲಿ ಎಂಬ ಸ್ಥಿತಿ ಬಾರದಿರಲು ಅದೇ ದಾರಿ. ಪುಡಿ ರೂಪದ ಪ್ರತಿವಿಷವನ್ನು ತಂಪಾದ, ಬಿಸಿಲು ಬೀಳದ ಜಾಗದಲ್ಲಿ ಇಡಬಹುದು. ಸದಾ ಶೈತ್ಯ ಬೇಕಾದದ್ದು ದ್ರವರೂಪದ್ದಕ್ಕೆ. ಆದುದರಿಂದ ವಿದ್ಯುತ್ ಕೈಕೊಡುತ್ತದೆಂಬ ಕಾರಣ ಪೂರ್ತಿ ಒಪ್ಪತಕ್ಕದ್ದಲ್ಲ.

ಈ ಔಷಧದಿಂದ ಕೆಲವರಿಗೆ ತೀವ್ರ ಅಲರ್ಜಿ ಉಂಟಾಗುತ್ತದೆ ಎಂಬುದು ನಿಜ. ಒಂಟಿಯಾಗಿ ಕರ್ತವ್ಯದಲ್ಲಿರುವ ವೈದ್ಯರು ಅದಕ್ಕೆ ಅಂಜಿ, ಒಂದು ವಯಲ್ ಕೂಡ ಕೊಡದೆ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ ಕಳುಹಿಸುವುದುಂಟು. ವೈದ್ಯರ ಅಂಜಿಕೆಗೆ ಊರಿನವರ ವರ್ತನೆಯೂ ಸ್ವಲ್ಪ ಕಾರಣ. ರೋಗಿಯ ಜೊತೆ ಐವತ್ತು ಮಂದಿ ಬಂದು ಕೂಗಾಡುವ ಕೋಣೆಯಲ್ಲಿ ಯಾವ ವೈದ್ಯರೂ ಧೈರ್ಯದ ತೀರ್ಮಾನ ತೆಗೆದುಕೊಳ್ಳಲಾರರು. ಅಲರ್ಜಿ ನಿಭಾಯಿಸುವ ಚುಚ್ಚುಮದ್ದು ಪ್ರತಿ ಆರೋಗ್ಯ ಕೇಂದ್ರದಲ್ಲೂ ಇರಬೇಕಾದದ್ದು. ಮೊದಲ ಸುತ್ತಿನ ಔಷಧ ಆರಂಭಿಸಿ, ಅನಂತರ ದೊಡ್ಡ ಆಸ್ಪತ್ರೆಗೆ ಕಳುಹಿಸುವುದು ಸರಿಯಾದ ಕ್ರಮ. ಇಂತಹ ಹೊತ್ತಿನಲ್ಲಿ ಸದಸ್ಯರೊಬ್ಬರು ಜೊತೆಗೆ ಹೋಗಿ, ಗುಂಪನ್ನು ಹೊರಗೆ ನಿಲ್ಲಿಸಿ, ವೈದ್ಯರಿಗೆ ಬೆಂಬಲವಾಗಿ ನಿಂತರೆ ಅದು ಕೂಡ ಪ್ರಥಮ ಚಿಕಿತ್ಸೆಯೇ ಸರಿ.

ವಾಹನಕ್ಕೆ 108 ಇದೆ. ಅದು ಬರುವುದು ತಡವೆಂದು ತಿಳಿದರೆ ಕಾಯಬಾರದು. ಊರಿನ ಆಟೊ, ಟೆಂಪೊ, ಹಾಲಿನ ಗಾಡಿ ಯಾವುದಾದರೂ ಆದೀತು. ಏನೂ ಇಲ್ಲದಿದ್ದರೆ ಬೈಕ್ ಸವಾರನಿಗೂ ಹಿಂದೆ ಕೂರುವವನಿಗೂ ನಡುವೆ ರೋಗಿಯನ್ನು ಕೂರಿಸಿ, ಬೀಳದಂತೆ ಹಿಡಿದುಕೊಂಡು ಹೋಗುವುದೇ ಉತ್ತಮ. ರಾತ್ರಿ ಯಾವ ಹೊತ್ತಿನಲ್ಲಿ ಕರೆದರೂ ಬರುವ ಮೂರು ವಾಹನಗಳ ಚಾಲಕರ ದೂರವಾಣಿ ಸಂಖ್ಯೆ, ಔಷಧ ಇರುವ ಅತಿ ಸಮೀಪದ ಆಸ್ಪತ್ರೆ ಯಾವುದು, ಅಲ್ಲಿ ರಾತ್ರಿ ವೈದ್ಯರಿರುತ್ತಾರೆಯೇ, ಇಲ್ಲದಿದ್ದರೆ ಮುಂದಿನದು ಯಾವುದು ಎಂಬುದನ್ನು ಪ್ರತಿ ಹಳ್ಳಿಗೂ ಬೇರೆಬೇರೆಯಾಗಿ ಬರೆದಿಡಬೇಕಾಗುತ್ತದೆ. ಒಂದೇ ಪಂಚಾಯತಿಯ ಎರಡು ಹಳ್ಳಿಗಳಿಗೆ ಹತ್ತಿರದ ಆಸ್ಪತ್ರೆ ಬೇರೆಯಾಗಿರಬಹುದು. ಹಳ್ಳ ತುಂಬಿದಾಗ ಬೇಸಿಗೆಯ ದಾರಿ ಮಳೆಗಾಲದ ದಾರಿಯಾಗಿ ಉಳಿಯುವುದಿಲ್ಲ. ಈ ಮಾಹಿತಿ ಮೇಲಿನ ಯಾವ ಕಚೇರಿಯಿಂದಲೂ ಇಳಿದುಬರುವಂಥದಲ್ಲ.

ಕಡಿತವನ್ನು ತಪ್ಪಿಸುವ ಕ್ರಮಗಳು ಹೊಸವೇನಲ್ಲ. ಕತ್ತಲೆಯಲ್ಲಿ ಟಾರ್ಚ್, ಕಾಲಿಗೆ ಬೂಟು, ಹುಲ್ಲಿನ ಬಣವೆಗೆ ಕೈಹಾಕುವ ಮೊದಲು ಕೋಲಿನಿಂದ ತಟ್ಟುವುದು, ಸೌದೆ ಮತ್ತು ಬೆರಣಿಯ ಒಟ್ಟಿಲು ಮನೆಯ ಗೋಡೆಗೆ ತಾಗದಂತೆ ಇರುವುದು, ಇಲಿ ಸೇರದಂತೆ ಕಾಳು ಕಡಿ ಮುಚ್ಚಿಡುವುದು. ಮಂಚದ ಮೇಲೆ ಮಲಗುವುದು ಎಲ್ಲರಿಗೂ ಆಗುವ ಮಾತಲ್ಲ. ಆದರೆ ನೆಲದ ಮೇಲಿನ ಹಾಸಿಗೆಗೂ ಸೊಳ್ಳೆ ಪರದೆ ಕಟ್ಟಿ ಅದರ ಅಂಚನ್ನು ಚಾಪೆಯ ಅಡಿಗೆ ಸುತ್ತಲೂ ಸಿಕ್ಕಿಸಿದರೆ ಕಟ್ಟುಹಾವಿಗೆ ಅದೇ ಬೇಲಿ. ಸೊಳ್ಳೆ, ಹಾವು ಎರಡಕ್ಕೂ ಒಂದೇ ಖರ್ಚು. ಕೇರೆಹಾವು ವಿಷವಿಲ್ಲದ್ದು, ಇಲಿ ತಿನ್ನುವಂಥದು. ಕಂಡಕಂಡಲ್ಲಿ ಅದನ್ನು ಹೊಡೆದರೆ ಇಲಿ ಹೆಚ್ಚುತ್ತವೆ. ಇಲಿಯ ಬೆನ್ನು ಹತ್ತಿ ನಾಗರ ಬರುತ್ತದೆ.

ಆದರೆ ಇವೆಲ್ಲವನ್ನೂ ವ್ಯಕ್ತಿಯ ಜಾಗರೂಕತೆಗೆ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ವಿದ್ಯುತ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ರಾತ್ರಿಯೇ ಹೊಲಕ್ಕೆ ಹೋಗಬೇಕು. ಕತ್ತಲೆಯಲ್ಲಿ ನೀರು ತಿರುಗಿಸುವವನ ಕಾಲಿನ ಬಳಿ ಏನಿದೆ ಎಂಬುದು ಅವನಿಗೆ ಕಾಣುವುದಿಲ್ಲ. ಹಗಲು ವಿದ್ಯುತ್ತಿನ ಬೇಡಿಕೆಯನ್ನು ಇಳುವರಿಯ ಹೆಸರಿನಲ್ಲಿ ಮಂಡಿಸುತ್ತ ಬಂದಿರುವ ಗ್ರಾಮಸಭೆಗಳು ಅದರ ಜೊತೆಗೆ ಜೀವರಕ್ಷಣೆಯ ಕಾರಣವನ್ನೂ ನಿರ್ಣಯದಲ್ಲಿ ನಮೂದಿಸಬಹುದು. ಹಟ್ಟಿ, ಕಾಲೊನಿ, ತಾಂಡಾಗಳ ಕೊನೆಯ ಕಂಬದಲ್ಲಿ ಬೀದಿದೀಪ ಕೆಟ್ಟು ತಿಂಗಳಾಗಿದ್ದರೆ, ಆ ಕಂಬದಿಂದ ಮುಂದಿನ ಮನೆಗಳವರು ದಿನವೂ ಕತ್ತಲೆಯಲ್ಲಿ ನಡೆಯುತ್ತಿದ್ದಾರೆ ಎಂದೇ ಅರ್ಥ. ಶೌಚಾಲಯವಿದ್ದೂ ನೀರಿಲ್ಲದ ಮನೆಯ ಹೆಂಗಸರು ನಸುಕಿನಲ್ಲಿ ಬಯಲಿಗೆ ಹೋಗುತ್ತಾರೆ. ಊರ ಪಕ್ಕದಲ್ಲೇ ಕಬ್ಬು ಕಡಿಯುವ ತಂಡಗಳು ಗುಡಿಸಲು ಹಾಕಿಕೊಂಡಿರುತ್ತವೆ. ಮತದಾರರ ಪಟ್ಟಿಯಲ್ಲಿ ಇಲ್ಲದ ಅವರು ಯಾವ ವಾರ್ಡಿನ ಸದಸ್ಯರಿಗೂ ಸೇರುವುದಿಲ್ಲ. ಕಚ್ಚಿದಾಗ ಯಾರಿಗೆ ಕರೆ ಮಾಡಬೇಕೆಂಬುದು ಅವರಿಗೇ ಎಲ್ಲರಿಗಿಂತ ಕಡಿಮೆ ತಿಳಿದಿರುತ್ತದೆ.

ದಾಖಲೆಯ ವಿಷಯದಲ್ಲಿ ಕರ್ನಾಟಕ ಮುಂದಿದೆ ಎನ್ನಬೇಕು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಅಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. 2030ರೊಳಗೆ ಸಾವು ಮತ್ತು ಅಂಗವೈಕಲ್ಯಗಳನ್ನು ಅರ್ಧಕ್ಕಿಳಿಸುವ ಗುರಿಯನ್ನು ಮುಂದಿಟ್ಟಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮರುತಿಂಗಳಲ್ಲೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಕ್ರಿಯಾಯೋಜನೆ ಹೊರಬಂತು. ಖಾಸಗಿ ಆಸ್ಪತ್ರೆಗಳೂ ಸೇರಿದಂತೆ ಎಲ್ಲ ಆಸ್ಪತ್ರೆಗಳು ಈಗ ಪ್ರಕರಣಗಳನ್ನು ವರದಿ ಮಾಡಬೇಕು. ಔಷಧದ ಹಂಚಿಕೆಗೆ ಈ ಅಂಕಿಗಳೇ ಆಧಾರ. ಕಡಿಮೆ ವರದಿಯಾದ ತಾಲ್ಲೂಕಿಗೆ ಕಡಿಮೆ ಔಷಧ ಬರುತ್ತದೆ, ಔಷಧ ಇಲ್ಲವೆಂದು ತಿಳಿದ ಜನ ಆಸ್ಪತ್ರೆಗೆ ಹೋಗುವುದಿಲ್ಲ, ಹೋಗದಿದ್ದುದರಿಂದ ವರದಿ ಇನ್ನೂ ಕಡಿಮೆಯಾಗುತ್ತದೆ. ಈ ಸುಳಿಯನ್ನು ತುಂಡರಿಸಬಲ್ಲದ್ದು ಆಸ್ಪತ್ರೆಯನ್ನು ತಲುಪದೆ ಸತ್ತವರ ಮಾಹಿತಿ. ಅದು ಇರುವುದು ಊರಿನಲ್ಲಿ, ಆಶಾ ಕಾರ್ಯಕರ್ತೆಯ ತಿಳಿವಳಿಕೆಯಲ್ಲಿ, ಪಂಚಾಯತಿಯ ಸದಸ್ಯರ ನೆನಪಿನಲ್ಲಿ. ಕಳೆದ ಐದು ವರ್ಷಗಳಲ್ಲಿ ತಮ್ಮ ವಾರ್ಡಿನಲ್ಲಿ ಹಾವು ಕಚ್ಚಿ ಸತ್ತವರು, ಉಳಿದವರು ಯಾರೆಂಬ ಪಟ್ಟಿಯನ್ನು ಒಬ್ಬೊಬ್ಬ ಸದಸ್ಯರು ಒಂದು ಸಂಜೆಯಲ್ಲಿ ಮಾಡಬಹುದು.

ಪರಿಹಾರದ ಕುರಿತು ಒಂದು ಮಾತು. ಹಾವು ಕಡಿತದಿಂದ ಮೃತಪಟ್ಟ ರೈತರ ಕುಟುಂಬಕ್ಕೆ ಕೃಷಿ ಇಲಾಖೆಯ ಮೂಲಕ 2 ಲಕ್ಷ ರೂಪಾಯಿ ಪರಿಹಾರಕ್ಕೆ ಅವಕಾಶವಿದೆ. ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಪೊಲೀಸ್ ದೂರಿಲ್ಲ, ಮರಣೋತ್ತರ ಪರೀಕ್ಷೆಯಿಲ್ಲ. ಸಾವಿನ ಮನೆಯಲ್ಲಿ ಶವವನ್ನು ಕುಯ್ಯಿಸುವ ಮಾತನ್ನು ಎತ್ತುವುದು ಕಠಿಣ. ಬಂಧುಗಳು ಒಪ್ಪುವುದಿಲ್ಲ, ಸಂಜೆಯೊಳಗೆ ಸಂಸ್ಕಾರ ಮುಗಿಸಬೇಕೆನ್ನುತ್ತಾರೆ. ಆ ಹೊತ್ತಿನಲ್ಲಿ ಮನೆಯ ಹಿರಿಯರನ್ನು ಪಕ್ಕಕ್ಕೆ ಕರೆದು, ಉಳಿದ ಮಕ್ಕಳ ಓದಿನ ವಿಷಯವನ್ನು ನೆನಪಿಸಿ, ಸಮಾಧಾನದಿಂದ ತಿಳಿಹೇಳಬಲ್ಲವರು ಊರಿನವರೇ ಆದ ಸದಸ್ಯರು ಮಾತ್ರ. ಮರುದಿನ ಹೇಳಿದರೆ ಅದು ಕೇವಲ ಸಾಂತ್ವನವಾಗುತ್ತದೆ.

ಈ ಪಠ್ಯದೊಂದಿಗೆ ಯಾವ ನಮೂನೆಯನ್ನೂ ಲಗತ್ತಿಸಿಲ್ಲ. ಒಂದು ಹಾಳೆ ಸಾಕು. ಅದರಲ್ಲಿ ಹಳ್ಳಿಯ ಹೆಸರು, ಔಷಧ ಇರುವ ಎರಡು ಆಸ್ಪತ್ರೆಗಳು, ಇರುವ ವಯಲ್‌ಗಳ ಸಂಖ್ಯೆ ಮತ್ತು ಅದನ್ನು ನೋಡಿಬಂದ ದಿನಾಂಕ, ಮೂವರು ಚಾಲಕರ ಸಂಖ್ಯೆ, ಮಳೆಗಾಲದಲ್ಲಿ ಹಿಡಿಯಬೇಕಾದ ದಾರಿ. ಒಂದು ಪ್ರತಿ ಆಶಾ ಕಾರ್ಯಕರ್ತೆಯ ಮನೆಯಲ್ಲಿ, ಒಂದು ಹಾಲಿನ ಡೇರಿಯ ಗೋಡೆಯ ಮೇಲೆ, ಒಂದು ಶಾಲೆಯಲ್ಲಿ, ಒಂದು ನಾಟಿ ವೈದ್ಯರ ಜಗಲಿಯಲ್ಲಿ ಇರಲಿ. ಜೂನ್ ಮೊದಲ ವಾರಕ್ಕೆ ಮುಂಚಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಒಂದು ಕ್ರಮಸಂಖ್ಯೆ ಕೊಟ್ಟು, ವೈದ್ಯಾಧಿಕಾರಿಗಳನ್ನು ಆಹ್ವಾನಿಸಿ, ಆ ಹಾಳೆಯನ್ನು ಸಭೆಯ ಮುಂದೆ ಓದಿಸಿ ನಡವಳಿಯಲ್ಲಿ ದಾಖಲಿಸಿಕೊಳ್ಳಬೇಕೆಂದು ಕೋರಲಾಗಿದೆ.